ಮೋಹನ್‌ಬಾಬು ಹೆಸರಲ್ಲೇನು ತಪ್ಪು?

"ಮೇಡಂ, ನನ್ನ ಹೆಸರೇ ಸರಿಯಿಲ್ವಂತೆ! ನಿಮ್ಮ ಆ್ಯಪ್ ಹೇಳ್ತಾ ಐತೆ!"

ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮೊದಲೇ ಹುಮಾಗೆ ಬಂದ ಫೋನು ಇದು. ಆ ಕಡೆಯಿಂದ ಕೂಗುತ್ತಿದ್ದವನು ಮಂಚೇನಹಳ್ಳಿ ಪಕ್ಕದ ಹಳ್ಳಿಯ ರೇಷ್ಮೆ ಬೆಳೆಗಾರ ಮೋಹನ್‌ಬಾಬು.

ಶಿಡ್ಲಘಟ್ಟದ ಹುಮಾ, ಅವಳ ಕಾಲೇಜಿನ ಗೆಳತಿ ಚಿಕ್ಕಬಳ್ಳಾಪುರದ ಭಾನುಪ್ರಿಯಾ ಇಬ್ಬರೂ ಸೇರಿ 'ಗೂಡುಗಾಡಿ' ಎಂಬ ಆ್ಯಪ್ ಮಾಡಿದ್ದರು. ರೇಷ್ಮೆಗೂಡು ಬಿಡಿಸಿದವರು ಹೆಸರು, ಊರು, ಎಷ್ಟು ಚೀಲ ಎಂದು ತುಂಬಿದರೆ ಸಾಕು, ಅಕ್ಕಪಕ್ಕದ ಊರುಗಳ ಗೂಡನ್ನೆಲ್ಲ ಒಂದೇ ವ್ಯಾನು ಹೊತ್ತುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸುತ್ತಿತ್ತು. ಹುಮಾಳ ಅಬ್ಬಾ ಗೂಡಿನಿಂದ ನೂಲು ಬಿಚ್ಚಿಸುವ ಕಸುಬಿನವರು. ಗೂಡಿನ ವಾಸನೆಯಲ್ಲೇ ಬೆಳೆದ ಹುಡುಗಿಗೆ ಒಂದು ಮಾತು ಯಾರೂ ಹೇಳಿಕೊಡಬೇಕಿರಲಿಲ್ಲ: ಬಿಡಿಸಿದ ಗೂಡು ಕಾಯುವುದಿಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದುಕೊಂಡು ಹೊರಟೇಬಿಡುತ್ತದೆ.

"ಅಣ್ಣ, ಹೆಸರಿನ ಜೊತೆ ನಂಬರ್ ಏನಾದ್ರೂ ಸೇರಿಸಿದ್ರಾ?"

"ನಂಬರ್ ಯಾಕಮ್ಮ ಸೇರಿಸ್ಲಿ, ನಾನೇನು ಬಸ್ಸಾ?"

ಹುಮಾ ಲ್ಯಾಪ್‌ಟಾಪ್ ತೆರೆದು, ಮೋಹನ್ ಎಂದು ಬರೆದು, ಜಾಗ ಬಿಟ್ಟು ಬಾಬು ಎಂದು ಸೇರಿಸಿದಳು. ಆ್ಯಪ್ ತಕರಾರಿಲ್ಲದೆ ಒಪ್ಪಿಕೊಂಡಿತು. "ನನ್ನ ಹತ್ರ ಸರಿಯಾಗೇ ಬರ್ತಿದೆಯಲ್ಲ ಅಣ್ಣ. ಬೇಕಾದ್ರೆ ಇನ್ನೊಂದ್ಸಲ ಬರೀರಿ."

"ಎಷ್ಟು ಸಲ ಬರೀಲಿ ಮೇಡಂ! ನಿಮ್ಮ ಹತ್ರ ಸರಿಯಿದ್ರೆ ನನಗೇನು ಬಂತು? ಇಲ್ಲಿಗೇ ಬಂದು ನೋಡಿ."

ಮಾತು ಸರಿಯಾಗಿಯೇ ಇತ್ತು. ವ್ಯಾನಿನಲ್ಲಿ ಅವನ ಚೀಲಗಳಿಗೆ ಜಾಗ ಹಿಡಿದಿಡಲು ಭಾನುಪ್ರಿಯಾಗೆ ಹೇಳಿ, ಹುಮಾ ಬಸ್ಸು ಹತ್ತಿದಳು.

ಮನೆಯ ಮುಂದೆ ಬಿಡಿಸಿದ ಗೂಡು ಬಟ್ಟೆಯ ಮೇಲೆ ಬೆಳ್ಳಗೆ ಹರಡಿಕೊಂಡಿತ್ತು. ಅದರ ಪಕ್ಕ ಮೋಹನ್‌ಬಾಬುವಿನ ತಾಯಿ ಅಮ್ಮಾಜಮ್ಮ ಕಾಲು ಚಾಚಿ ಕೂತು, ಕೊಳಕು ಗೂಡು ಆರಿಸಿ ಬೇರೆ ಹಾಕುತ್ತಿದ್ದರು. ಹುಮಾಳನ್ನು ಮೇಲಿಂದ ಕೆಳಗೆ ನೋಡಿದರು.

"ಏಮಮ್ಮಾ, ನನ್ನ ಮಗನ ಹೆಸರು ಸರಿಯಿಲ್ಲ ಅಂದೋಳು ನೀನೇನಾ? ಹೆತ್ತೋಳು ನಾನು, ಹೆಸರಿಟ್ಟೋಳು ನಾನು. ನಡುವೆ ನಿನ್ನ ಫೋನಿಗೇನು ಕಷ್ಟ?"

"ನಾನು ಅನ್ನಲಿಲ್ಲ ಅಜ್ಜೀ, ಆ್ಯಪ್ ಅಂದಿದ್ದು."

"ಆ್ಯಪ್‌ಗೆ ಹೇಳಿಕೊಟ್ಟೋರು ಯಾರು?"

ಹುಮಾ ಜಗಲಿಯ ಮೇಲೆ ಕುಳಿತಳು.

ಹೇಳಿಕೊಟ್ಟದ್ದು ಅವಳೇ. ಆ್ಯಪ್ ಶುರುವಾದ ಹೊಸದರಲ್ಲಿ ಯಾರೋ ಒಬ್ಬ ಹೆಸರಿನ ಜಾಗದಲ್ಲಿ ಚುಕ್ಕಿ, ಅಂಕಿ ಎಲ್ಲ ಒತ್ತಿ ಕಳಿಸಿದ್ದ. ವ್ಯಾನಿನವನು ತೊಂಡೇಬಾವಿಯ ಬೀದಿಬೀದಿಯಲ್ಲಿ ಅಂಥ ಹೆಸರಿನವರನ್ನು ಹುಡುಕಿ ಸುಸ್ತಾಗಿದ್ದ. ಆಮೇಲೆ ಹುಮಾ ಕಟ್ಟುನಿಟ್ಟಾಗಿ ನಿಯಮ ಬರೆದಳು: ಹೆಸರಿನಲ್ಲಿ ಕನ್ನಡ ಅಕ್ಷರ ಮತ್ತು ಖಾಲಿ ಜಾಗ, ಇವೆರಡು ಬಿಟ್ಟು ಬೇರೇನೂ ಇರಕೂಡದು.

"ಅಣ್ಣ, ನನ್ನೆದುರಿಗೆ ಒಂದ್ಸಲ ಬರೀರಿ."

ಮೋಹನ್‌ಬಾಬು ಬರೆದ. ಅರ್ಧ ಬರೆಯುವಷ್ಟರಲ್ಲಿ ಪೂರ್ತಿ ಹೆಸರನ್ನು ಕೀಲಿಮಣೆಯೇ ಮುಂದಿಟ್ಟಿತು, ಅವನು ಅದನ್ನು ಒತ್ತಿದ. ಕೆಂಪು ಅಕ್ಷರದಲ್ಲಿ 'ನಿಮ್ಮ ಹೆಸರು ಸರಿಯಿಲ್ಲ' ಎಂದು ಬಂತು. ಹುಮಾ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಅಂಕಿಯಿಲ್ಲ, ಚುಕ್ಕಿಯಿಲ್ಲ, ಕನ್ನಡವಲ್ಲದ್ದು ಒಂದೂ ಇಲ್ಲ.

"ಅಳಿಸಿ ಇನ್ನೊಂದ್ಸಲ ಬರೀರಣ್ಣ, ನಿಧಾನಕ್ಕೆ."

ಅವನು ಅಳಿಸುವ ಗುಂಡಿ ಒತ್ತುತ್ತಾ ಹೋದ. ಒಂದೊಂದು ಒತ್ತಿಗೂ ಏನಾದರೊಂದು ಕಳಚಿಕೊಳ್ಳುತ್ತಿತ್ತು. 'ಬಾಬು' ಪೂರ್ತಿ ಹೋಯಿತು. ಮತ್ತೊಮ್ಮೆ ಒತ್ತಿದ. ಏನೂ ಅಳಿಯಲಿಲ್ಲ.

"ತಡೀರಿ!" ಹುಮಾ ಕೂಗಿದ ಜೋರಿಗೆ ಅಮ್ಮಾಜಮ್ಮನ ಕೈಯಿಂದ ಗೂಡು ಜಾರಿತು. "ಈಗ ಒತ್ತಿದ್ರಲ್ಲ, ಏನು ಹೋಯ್ತು?"

"ಏನೂ ಹೋಗ್ಲಿಲ್ಲ. ನನ್ನ ಫೋನು ಹಳೇದು ಮೇಡಂ, ಒಂದೊಂದ್ಸಲ ಹಂಗೇ."

"ಹೋಯ್ತಣ್ಣ! ನಮಗೆ ಕಾಣ್ಲಿಲ್ಲ ಅಷ್ಟೇ!"

ಅವಳ ಮುಖ ಅರಳಿತು. 'ನ್' ಪಕ್ಕದಲ್ಲಿ 'ಬಾ' ಬಂದರೆ ಎರಡೂ ಅಂಟಿಕೊಂಡು ಒತ್ತಕ್ಷರವಾಗುತ್ತವೆ. ಹಾಗಾಗದಿರಲೆಂದು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡುತ್ತದೆ. ಆ ಗುರುತು ಹುಮಾಳ ನಿಯಮದಲ್ಲಿ ಇರಲಿಲ್ಲ. ಬೆಳಿಗ್ಗೆ ಅವಳು ಜಾಗ ಬಿಟ್ಟು ಬರೆದಿದ್ದರಿಂದ ಅದರ ಅಗತ್ಯವೇ ಬಿದ್ದಿರಲಿಲ್ಲ. ಭಾನುಪ್ರಿಯಾಗೆ ಫೋನು ಹಚ್ಚಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಹಂಗಾದ್ರೆ ಆ ನಿಯಮಾನೇ ಕಿತ್ತಾಕ್ಬಿಡ್ಲೇನೇ?"

"ಬೇಡ ಕಣೇ, ಮತ್ತೆ ಚುಕ್ಕಿಗಳ ಮನೆ ಹುಡುಕ್ಬೇಕಾಗುತ್ತೆ. ಆ ಗುರುತನ್ನೂ ಒಳಗೆ ಬಿಟ್ಕೊ ಸಾಕು. ಹಾಂ, 'ನಿಮ್ಮ ಹೆಸರು ಸರಿಯಿಲ್ಲ' ಅನ್ನೋದನ್ನ ತೆಗೆದುಹಾಕು. ಇಲ್ಲಿ ಒಬ್ರು ನನ್ನನ್ನ ಹೊಡೆಯೋ ಹಂಗೆ ನೋಡ್ತಾ ಅವ್ರೆ."

"ಅದರ ಬದಲು ಏನ್ ಬರೀಲಿ?"

ಹುಮಾ ಯೋಚಿಸಿದಳು. "'ಈ ಹೆಸರು ನಮಗೆ ಓದಲಾಗಲಿಲ್ಲ, ದಯವಿಟ್ಟು ಫೋನ್ ಮಾಡಿ' ಅಂತ ಹಾಕು. ಕೆಳಗೆ ನನ್ನ ನಂಬರ್ ಕೊಡು."

ನಿಯಮಗಳೆಲ್ಲ ಚಿಕ್ಕಬಳ್ಳಾಪುರದ ಕಡೆಯಿಂದಲೇ ಬದಲಾಗುವಂತಿದ್ದವು; ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವ ರಗಳೆ ಇರಲಿಲ್ಲ. ಅಮ್ಮಾಜಮ್ಮ ಒಳಗೆ ಹೋಗಿ ಮಜ್ಜಿಗೆ ತರುವಷ್ಟರಲ್ಲಿ ಭಾನುಪ್ರಿಯಾ "ಈಗ ನೋಡೇ" ಎಂದಳು. ಮೋಹನ್‌ಬಾಬು ಬರೆದು, ಬೆರಳಿಗೆ ಉಫ್ ಎಂದು ಊದಿ, ಗುಂಡಿ ಒತ್ತಿದ. ಹಸಿರು ಗುರುತು ಬಂತು.

"ಆಯ್ತಮ್ಮೋ!" ಎಂದು ಅವನು ಫೋನನ್ನು ತಾಯಿಯ ಮುಖಕ್ಕೆ ಹಿಡಿದ.

"ಆಗದೇ ಏನು?" ಎಂದರು ಅಮ್ಮಾಜಮ್ಮ, ಇದೆಲ್ಲ ತಮ್ಮ ಗದರಿಕೆಯಿಂದಲೇ ಆದದ್ದು ಎಂಬಂತೆ. ಆಮೇಲೆ ಮಜ್ಜಿಗೆ ಲೋಟವನ್ನು ಹುಮಾಳ ಕೈಗಿಟ್ಟು, "ಹಿಪ್ಪುನೇರಳೆ ತೋಟ ನನ್ನದು ಕಣಮ್ಮ. ನನ್ನ ಹೆಸರೂ ಹಾಕು" ಎಂದರು. ಹುಮಾ ಅದನ್ನೂ ಹಾಕಿದಳು.

ವ್ಯಾನು ಬಂದಾಗ ಮಧ್ಯಾಹ್ನ. ಚೀಲಗಳೆಲ್ಲ ಹಿಂದೆ ಕೂತವು, ಮೋಹನ್‌ಬಾಬು ಅವುಗಳ ಜೊತೆ ಕೂತ, ಹುಮಾ ಮುಂದಿನ ಸೀಟು ಹಿಡಿದಳು. ಗಾಡಿ ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಭಾನುಪ್ರಿಯಾಳ ಫೋನು ಬಂತು.

"ಹುಮಾ, ಮುನಿರಾಜ್‌ಗೌಡ ಅಂತ ಕಳವಾರದವರು ಆ್ಯಪ್‌ಗೆ ಬಂದ್ರು. ಆನಂದ್‌ರೆಡ್ಡಿ ಅಂತ ಚಿಂತಾಮಣಿ ಕಡೆಯೋರು. ಇವ್ರ ಹೆಸರಲ್ಲೂ ಅದೇ ಗುರುತು; ಎಷ್ಟೋ ಸಲ ನೋಡಿ, ಆಗದೆ ಸುಮ್ಮನಾಗಿದ್ರಂತೆ. ಬರ್ತಾನೇ ಅವ್ರೆ ಕಣೇ, ಇನ್ನೊಂದು ವ್ಯಾನ್ ಬೇಕು!"

ಹುಮಾ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ಕೂಗಿದಳು. "ಅಣ್ಣಾ! ನಿಮ್ಮ ಹಳ್ಳೀಲಿ ವ್ಯಾನ್ ಇಟ್ಟಿರೋರು ಯಾರಾದ್ರೂ ಇದ್ದಾರಾ?"

"ನಮ್ಮ ಭಾವಾನೇ ಅವ್ನಲ್ಲ!" ಎಂದು ಚೀಲಗಳ ನಡುವಿನಿಂದ ಉತ್ತರ ಬಂತು.