ಜಮಾಲುದ್ದೀನರ ಟೀವಿಯ ಕಪ್ಪು ಪಟ್ಟಿ

"ಹಸಿರು ಕಾಗದ ರೆಡಿ ಉಂಟು, ಉಬೈದ್. ಊಟದೊಳಗೆ ಟೀವಿ ಸರಿಯಾಗದಿದ್ರೆ ಅದರ ಗಾಜಿಗೆ ಅಂಟಿಸಿಬಿಡ್ತೇವೆ. ಚಿತ್ರವನ್ನು ಎಡಿಟಿಂಗ್‌ನಲ್ಲಿ ಹಾಕಿದ್ರಾಯ್ತು," ಎಂದ ನಿರ್ದೇಶಕ ದೀಪೇಶ್.

ಉಬೈದ್‌ಗೆ ಮೈಯೆಲ್ಲ ಉರಿಯಿತು. ಕಾಗದ ಅಂಟಿಸುವುದಾದರೆ ಟೀವಿ ಯಾಕೆ, ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟರೂ ಸಾಕಿತ್ತಲ್ಲ.

ಕಾವೂರಿನ ಈ ಬಾಡಿಗೆ ಮನೆಯಲ್ಲಿ ತುಳು ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಕಥೆ ಇಪ್ಪತ್ತೈದು ವರ್ಷ ಹಿಂದಿನದು, ಹಾಗಾಗಿ ಆ ಕಾಲದ ದೊಡ್ಡ ಹೊಟ್ಟೆಯ ಟೀವಿಯೇ ಬೇಕು. ತೊಕ್ಕೊಟ್ಟಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಉಬೈದ್ ತನ್ನ ಮನೆಯದನ್ನೇ ತಂದಿದ್ದ. ಅವನ ಬಾಪ ಜಮಾಲುದ್ದೀನ್ ಸೌದಿಯ ದಮಾಮಿನ ಕೆಲಸ ಬಿಟ್ಟು ಬರುವಾಗ ಮಗುವಿನ ಹಾಗೆ ಜೋಪಾನ ಮಾಡಿ ತಂದ ಟೀವಿ ಅದು. ಸಿನಿಮಾದಲ್ಲಿ ಅದರಲ್ಲಿ ಚಿತ್ರ ಬರುತ್ತದೆ ಎಂದು ಮಗ ಮಾತು ಕೊಟ್ಟಿದ್ದ. ಆ ಮಾತು ನಂಬಿ ಮುದುಕರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದು ಕ್ಯಾಮೆರಾದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು.

ಒಂದು ವಾರದಿಂದ ಉಬೈದ್ ಈ ಟೀವಿಯ ಜೊತೆ ಗುದ್ದಾಡಿದ್ದ. ಲಿನಕ್ಸ್ ಹಾಕಿದ ಹಳೆ ಕಂಪ್ಯೂಟರಿನಿಂದ ಅದಕ್ಕೆ ಆ ಕಾಲದ ವಾರ್ತೆಯ ಚಿತ್ರ ಕಳಿಸಬೇಕು. ಟೀವಿ ಚಿತ್ರವನ್ನು ಅಡ್ಡ ಗೆರೆ ಗೆರೆಯಾಗಿ ಬರೆಯುತ್ತದೆ. ಮೊದಲು ಟೀವಿಗಳ ಹಳೆ ಕ್ರಮದಂತೆ ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ ಬರೆಸಿದ. ವಾರ್ತೆ ಓದುವವಳ ಕೆಳಗಿನ ಅಕ್ಷರಗಳು ಚಳಿಜ್ವರ ಬಂದಂತೆ ನಡುಗಿದವು. ಎಲ್ಲ ಗೆರೆಗಳನ್ನೂ ಪ್ರತಿ ಸಲ ಬರೆಸಲು ಮೋಡ್‌ಲೈನ್ ಎಂಬ ಒಂದು ಸಾಲು ಸಂಖ್ಯೆಗಳನ್ನು ತಾನೇ ಲೆಕ್ಕ ಹಾಕಿ ಕಂಪ್ಯೂಟರಿಗೆ ಕೊಡಬೇಕಿತ್ತು. ಒಂದು ಅಂಕಿ ತಪ್ಪಿದರೂ ಟೀವಿ ಕಿವಿ ತೂತಾಗುವಂತೆ ಕಿರುಚುತ್ತಿತ್ತು. ಅಂತೂ ನಿನ್ನೆ ಸೆಕೆಂಡಿಗೆ ಅರವತ್ತು ಸಲ ಬರೆಯುವ ಸಾಲು ಸಿಕ್ಕಿ ಚಿತ್ರ ಅಲುಗಾಡದೆ ನಿಂತಿತ್ತು. "ಹೊಸತರ ಹಾಗೆ ಉಂಟು," ಎಂದಿದ್ದರು ಬಾಪ.

ಇವತ್ತು ಕ್ಯಾಮೆರಾದ ಮಾನಿಟರಿನಲ್ಲಿ ನೋಡಿದರೆ ಟೀವಿಯ ಮೇಲೆ ಅಗಲವಾದ ಕಪ್ಪು ಪಟ್ಟಿಗಳು ಉರುಳುತ್ತಿದ್ದವು. ಕಣ್ಣಿಗೆ ಇಲ್ಲದ ಪಟ್ಟಿ ಕ್ಯಾಮೆರಾಕ್ಕೆ ಮಾತ್ರ. ಕ್ಯಾಮೆರಾದವರೆಲ್ಲ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿಯುವುದು ಎಂದುಕೊಂಡು ಉಬೈದ್ ಟೀವಿಯ ಅರವತ್ತನ್ನು ಅದರ ಎರಡರಷ್ಟು, ಐವತ್ತು ಮಾಡಿದ. ಪಟ್ಟಿ ಹೋಗಲಿಲ್ಲ. ಗೆರೆ ಹೆಚ್ಚಿಸಿದ, ಇಳಿಸಿದ, ಕೇಬಲ್ ಬದಲಿಸಿದ. ಮೂರು ಗಂಟೆ ಹೀಗೇ ಹೋಯಿತು.

"ಟೀವಿ ಹಳತಾಯ್ತು ಮಾರಾಯ," ಎಂದ ಕ್ಯಾಮೆರಾದ ಮರ್ವಿನ್. ಮೊನ್ನೆಯವರೆಗೂ ಮದುವೆ ವಿಡಿಯೋ ಮಾಡುತ್ತಿದ್ದವನು.

"ಟೀವಿಗೆ ಎಂತ ಆಗಿಲ್ಲ," ಎಂದರು ಜಮಾಲುದ್ದೀನ್ ಹಿಂದಿನಿಂದ.

ಉಬೈದ್‌ಗೆ ಆಗ ಹೊಳೆಯಿತು. "ಮರ್ವಿನ್, ನೀನು ಎಷ್ಟರಲ್ಲಿ ತೆಗೀತಾ ಇದ್ದಿ?"

"ಇಪ್ಪತ್ನಾಲ್ಕು. ಮದುವೆಗೆ ಇಪ್ಪತ್ತೈದು. ಇದು ಸಿನಿಮಾ ಅಲ್ವಾ?"

ಬೆಳಗ್ಗೆಯೇ ಅದನ್ನು ಹೇಳಲು ಇವನಿಗೆ ಬಾಯಿ ಇರಲಿಲ್ಲವೇ? ಕೇಳಲು ತನಗಾದರೂ ಏನಾಗಿತ್ತು? ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಉಬೈದ್ ಹಲ್ಲು ಕಚ್ಚಿ ಸಂಖ್ಯೆ ಬದಲಿಸಿದ. ಇಪ್ಪತ್ನಾಲ್ಕರ ಎರಡರಷ್ಟು, ಸೆಕೆಂಡಿಗೆ ನಲವತ್ತೆಂಟು. ಟೀವಿ ಕಿರುಚದಂತೆ ಚಿತ್ರದ ಕೆಳಗೆ ಖಾಲಿ ಗೆರೆಗಳನ್ನೂ ಸೇರಿಸಿದ. ಮಾನಿಟರಿನಲ್ಲಿ ಪಟ್ಟಿ ಮಾಯವಾಯಿತು. ಅಕ್ಷರಗಳು ಅಚ್ಚು ಒತ್ತಿದಂತೆ ನಿಂತವು.

ಆದರೆ ಕಣ್ಣಿಗೆ ಟೀವಿ ಈಗ ಪಟಪಟನೆ ಮಿನುಗುತ್ತಿತ್ತು. ನಲವತ್ತೆಂಟು ಕಣ್ಣಿಗೆ ಸಾಲುವುದಿಲ್ಲ.

ಜಮಾಲುದ್ದೀನ್ ಎದ್ದು ನಿಂತರು. "ನಿನ್ನೆ ಸರಿ ಇತ್ತು. ಹಾಳು ಮಾಡಿದೆಯಾ?"

"ಇಲ್ಲ ಬಾಪ, ಇಲ್ಲಿ ಮಾನಿಟರಿನಲ್ಲಿ ನೋಡಿ."

"ಟೀವಿ ಎದುರು ಉಂಟು. ಈ ಡಬ್ಬಿಯಲ್ಲಿ ಎಂತ ನೋಡುವುದು?" ಎಂದು ಅವರು ಅಂಗಳಕ್ಕೆ ನಡೆದೇಬಿಟ್ಟರು.

ಟೀವಿಯ ಎದುರು ಮಾತಾಡುವ ನಟ ಲಿಗೋರಿಯ ಶಾಟ್ ಆಯಿತು. ದೀಪೇಶ್ ತಲೆಯಾಡಿಸಿದ. ಉಬೈದ್‌ಗೆ ಒಂದಿಷ್ಟೂ ಖುಷಿಯಾಗಲಿಲ್ಲ. ಸಂಖ್ಯೆಯನ್ನು ಮತ್ತೆ ಅರವತ್ತಕ್ಕೆ ತಂದು, ಗೇಟಿನ ಹತ್ತಿರ ಆಟೋ ಹುಡುಕುತ್ತಿದ್ದ ಬಾಪನನ್ನು ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಅವರು ಟೀವಿಯನ್ನೇ ತುಂಬ ಹೊತ್ತು ನೋಡಿದರು. "ಈಗ ಸರಿ ಉಂಟು. ಇನ್ನು ಮುಟ್ಟಬೇಡ," ಎಂದರು.

ಅಷ್ಟರಲ್ಲಿ ದೀಪೇಶ್ ಬಂದ. "ಇನ್ನೊಂದು ಸಲ ತೆಗೀಬೇಕು, ಈಗ ನೋಡಿದ್ರೆ ಲಿಗೋರಿ ಒಂದು ಮಾತು ಮರೆತಿದ್ದಾರೆ. ಅರೆ, ಮಾನಿಟರಿನಲ್ಲಿ ಪುನಃ ಪಟ್ಟಿ ಬಂತಲ್ಲ? ಇದು ಆಗುವ ಕೆಲಸ ಅಲ್ಲ, ಆ ಹಸಿರು ಕಾಗದ ತನ್ನಿ."

ಯಾರೋ ಸುರುಳಿ ಬಿಚ್ಚುತ್ತ ಟೀವಿಯ ಹತ್ತಿರ ಹೋದರು. ಜಮಾಲುದ್ದೀನ್ ಅದನ್ನು ನೋಡಿದರು, ಮಗನ ಮುಖವನ್ನು ನೋಡಿದರು.

ಉಬೈದ್ ಕುರ್ಚಿಯ ಪಕ್ಕ ಕುಕ್ಕರಿಸಿದ. "ಬಾಪ, ನಿಮ್ಮ ಟೀವಿಗೆ ಎಂತ ಆಗಿಲ್ಲ. ನಾನು ಹೇಳ್ತಾ ಇದ್ದೇನಲ್ಲ. ಎರಡೇ ನಿಮಿಷ ಕಣ್ಣು ಮುಚ್ಚಿ."

ಮುದುಕರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿ ಕಣ್ಣು ಮುಚ್ಚಿಕೊಂಡರು.

"ಬೇಗ ಮುಗಿಸು," ಎಂದರು.

ಉಬೈದ್ ನಲವತ್ತೆಂಟು ಎಂದು ಬರೆದು ಎಂಟರ್ ಒತ್ತಿದ.