ನಮಗೆ ಇಳಿತವೇ ಬೇಕು

"ಇಳಿತದ ಹೊತ್ತಿಗೆ ಯಾರೂ ದೋಣಿ ತಗೊಳ್ಳಲ್ಲ ಮೇಡಂ," ಎಂದಳು ವಿಹಾರ ಕ್ಲಬ್ಬಿನ ಕೌಂಟರಿನ ಹುಡುಗಿ. "ನೀರು ಇಳಿದ್ಮೇಲೆ ನೋಡೋಕೆ ಏನಿರುತ್ತೆ? ಬರೀ ಕೆಸರು."

"ನಮಗೆ ಕೆಸರೇ ಬೇಕು," ಎಂದಳು ಸೊಸೆ.

ಹುಡುಗಿ ಕಿಸಕ್ಕನೆ ನಕ್ಕಳು. ಪಕ್ಕದಲ್ಲಿ ಕೋಲೂರಿ ನಿಂತಿದ್ದ ಅತ್ತೆ ಮುಖ ಸಣ್ಣದು ಮಾಡಿಕೊಂಡು, "ಹೊಲಿಗೆ ಮಿಷನ್ ತುಳಿದೂ ತುಳಿದೂ ನಮ್ಮ ಸೊಸೆಗೆ ತಲೆ ಸ್ವಲ್ಪ ಓರೆಯಾಗಿದೆ ತಾಯಿ. ಕೇಳಿದ್ದು ಕೊಟ್ಟುಬಿಡು," ಎಂದಳು. ಹೀಗೆ ಖಾಸಗಿ ಹಾಯಿದೋಣಿಯೊಂದು, ಚುಕ್ಕಾಣಿಯವನ ಸಮೇತ, ಸಂಜೆ ಕತ್ತಲಾಗುವವರೆಗೆ ಆ ಇಬ್ಬರು ಹೆಂಗಸರದಾಯಿತು.

ಸೊಸೆಯ ತಲೆ ನೆಟ್ಟಗೇ ಇತ್ತು. ಓರೆಯಾಗಿದ್ದದ್ದು ದಡದ ಮೇಲಿನ ನ್ಯಾಯ. ಅವರ ಓಣಿಯ ತುದಿಯಲ್ಲಿ ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಸಮುದ್ರ ಉಬ್ಬಿದಾಗ ನದಿಯೂ ಉಬ್ಬಿ ಅವುಗಳನ್ನು ಮುಳುಗಿಸುತ್ತಿತ್ತು, ಇಳಿದಾಗ ಬುಡದವರೆಗೆ ಬಯಲು ಮಾಡುತ್ತಿತ್ತು. ಅಲ್ಲಿಂದಲೇ ಮಾವ ತನ್ನ ದೋಣಿಯಲ್ಲಿ ಓಣಿಯವರನ್ನು ಎದುರು ದಡದ ಗಿರಣಿಗೆ ದಾಟಿಸುತ್ತಿದ್ದದ್ದು. ಮಾವ ತೀರಿಕೊಂಡ, ದೋಣಿ ಕೊಳೆತುಹೋಯಿತು. ಪಕ್ಕದ ಕ್ಲಬ್ಬು ಬಾಯಿ ತೆರೆದು ಕಾಯುತ್ತಿತ್ತೋ ಏನೋ, ಆ ಜಾಗವನ್ನು ಗುಳುಂ ಎಂದು ನುಂಗಿತು. ಓಣಿಯ ತುದಿಗೆ ಬೇಲಿ, ನೀರಿನ ಕಡೆಗೆ ಗೋಡೆ, ಮೆಟ್ಟಿಲುಗಳ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲುಹಾಸು. ಈಗ ಗಿರಣಿಗೆ ಹೋಗುವವರು ದೂರದ ಸೇತುವೆ ಸುತ್ತಿ ನಡೆಯಬೇಕು. ತಾಯಂದಿರು ಮನೆ ಸೇರುವಷ್ಟರಲ್ಲಿ ಮಕ್ಕಳು ಉಂಡೋ ಉಣ್ಣದೆಯೋ ಮಲಗಿಬಿಟ್ಟಿರುತ್ತವೆ.

ನದಿ ಕಚೇರಿಗೆ ಅಲೆದೂ ಅಲೆದೂ ಸೊಸೆಯ ಚಪ್ಪಲಿ ಸವೆದಿತ್ತು. ಕೊನೆಗೆ ಗುಮಾಸ್ತ ಬಾಯಿಬಿಟ್ಟಿದ್ದ: "ಒಂದು ವರ್ಷ ಪೂರ್ತಿ ಯಾವ ದೋಣಿಯೂ ಬಂದು ಕಟ್ಟದಿದ್ರೆ ಆ ಮೆಟ್ಟಿಲು ಪಕ್ಕದ ಜಾಗದವರದ್ದಾಗುತ್ತೆ. ಅಷ್ಟರೊಳಗೆ ಒಂದೇ ಒಂದು ದೋಣಿ ಕಟ್ಟಿ, ಜನ ಕಾಲಿಟ್ಟಿದ್ದಕ್ಕೆ ಸಾಕ್ಷಿ ತನ್ನಿ, ಗೋಡೆ ನಾವೇ ಕೆಡವಿಸ್ತೀವಿ."

ವರ್ಷ ನಾಳೆಗೆ ತುಂಬುತ್ತಿತ್ತು. ಓಣಿಯಲ್ಲಿ ದೋಣಿಯೇ ಇರಲಿಲ್ಲ. ಈ ದಡದಲ್ಲಿ ತೇಲುವುದೆಲ್ಲ ಕ್ಲಬ್ಬಿನದೇ.

"ಹಾಗಾದ್ರೆ ಅವರದ್ದನ್ನೇ ತಗೊಂಡು ಹೋಗೋಣ," ಎಂದಿದ್ದಳು ಸೊಸೆ.

"ಗೋಡೆಗೆ ಕಟ್ತೀಯೇನೇ ದೋಣೀನ?"

"ನೀವೇ ಹೇಳಿದ್ರಲ್ಲ ಅತ್ತೆ, ದೋಣಿ ಕಟ್ಟೋ ಬಳೆ ಇರೋದು ಕೊನೇ ಮೆಟ್ಟಿಲಲ್ಲಿ ಅಂತ."

ಅತ್ತೆ ಅವಳನ್ನೇ ನೋಡಿ, ನಿಧಾನವಾಗಿ ಬೊಚ್ಚುಬಾಯಿ ಅಗಲಿಸಿದ್ದಳು. ಕೆಸರೆಂದರೆ ಮೂಗು ಮುಚ್ಚಿಕೊಳ್ಳುವ ಜನ ಕಟ್ಟಿಸಿದ ಗೋಡೆ ಅದು. ನೀರು ತುಂಬಿದ್ದಾಗ ಬಂದು ಅಂಚು ಗುರುತು ಮಾಡಿಸಿ ಹೋಗಿದ್ದರು, ಇಳಿದಾಗ ಬಗ್ಗಿ ನೋಡಿರಲಿಲ್ಲ. ಬುಡದ ಮೆಟ್ಟಿಲು, ದೋಣಿ ಕಟ್ಟುವ ಕಬ್ಬಿಣದ ಬಳೆ, ಎರಡೂ ಗೋಡೆಯ ಹೊರಗೇ ಉಳಿದುಹೋಗಿದ್ದವು.

ದೋಣಿಯಲ್ಲಿ ನೀಲಿ ಮೆತ್ತೆಗಳಿದ್ದವು. ಸೊಸೆ ಒಂದರ ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಇದು ನಾನು ಹೊಲಿದಿದ್ದು. ಕೂತಿದ್ದು ಇವತ್ತೇ," ಎಂದಳು.

"ಗಟ್ಟಿ ಆಯ್ತು ಕಣೇ," ಎಂದಳು ಅತ್ತೆ, ಪಕ್ಕಕ್ಕೆ ವಾಲಿ ಕೂರುತ್ತ. "ಹತ್ತಿ ತುಂಬೋವಾಗ ಜಿಪುಣತನ ಮಾಡಿದ್ದೀಯ."

ಚುಕ್ಕಾಣಿ ಹಿಡಿದಿದ್ದವನು ತಲೆ ನರೆತ, ಮಾತು ಕಡಿಮೆಯ ಮನುಷ್ಯ. ಹಾಯಿ ಬಿಚ್ಚಿದ. ಇಳಿಯುವ ನೀರೂ ಹಿಂದಿನಿಂದ ಬೀಸುವ ಗಾಳಿಯೂ ಸೇರಿ ದೋಣಿಯನ್ನು ಸರ್‍ರನೆ ಎಳೆದುಕೊಂಡು ಹೋದವು. ಗೋಡೆ ಕಂಡಾಗ ಸೊಸೆ ವಿಷಯ ಹೇಳಿದಳು, ಒಂದನ್ನೂ ಮುಚ್ಚಿಡದೆ.

ಅವನ ಮುಖ ಕಪ್ಪಿಟ್ಟಿತು. "ಅಲ್ಲಿ ನಿಲ್ಲಿಸಿದ್ರೆ ದೋಣಿ ಕೆಸರಲ್ಲಿ ಕೂತ್ಬಿಡುತ್ತೆ ಕಣಮ್ಮ. ನೀರು ಮತ್ತೆ ಬರೋವರೆಗೆ ಎದ್ದೇಳಲ್ಲ. ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ."

ಸೊಸೆ ಅವನ ಅಂಗಿಯ ಸವೆದ ಕಾಲರನ್ನು ನೋಡಿದಳು. ಇವನ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಗೋಡೆ ಹತ್ತಿರವಾಯಿತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ದಾಟಿಯೇ ಹೋಗುತ್ತದೆ. ಅಷ್ಟರಲ್ಲಿ ಅವನ ಫೋನು ಕಿರುಚಿತು. ಕೈಯಲ್ಲಿ ಚುಕ್ಕಾಣಿ ಇದ್ದುದರಿಂದ ಅವನು ಸ್ಪೀಕರ್ ಒತ್ತಿ ಮೊಣಕಾಲ ಮೇಲಿಟ್ಟುಕೊಂಡ.

"ಲೇ ಮುದಿಯಾ! ನಮ್ಮ ಹುಲ್ಲುಹಾಸಿನ ಮುಂದೆ ಯಾಕೋ ಬಂದೆ? ಮೇಲೆ ಅತಿಥಿಗಳಿದ್ದಾರೆ. ಆ ಓಣಿ ಮುಖಗಳನ್ನ ತೋರಿಸ್ಬೇಡ, ದೂರ ಹೊಡ್ಕೊಂಡು ಹೋಗು. ಬುದ್ಧಿ ಇಲ್ವಾ, ದನ ಕಾಯೋಕಾದ್ರೂ ಹೋಗ್ಬಾರ್ದಿತ್ತಾ?" ಮೊನ್ನೆ ಮೊನ್ನೆ ಬಂದ ಮ್ಯಾನೇಜರನ ದನಿ.

ಚುಕ್ಕಾಣಿಯವನು ಫೋನನ್ನು ನೋಡಿದ. ಹೆಂಗಸರನ್ನು ನೋಡಿದ. ಕಂಬದ ತುದಿಯಲ್ಲಿ ಕ್ಲಬ್ಬಿನ ಬಾವುಟ ಪಟಪಟ ಬಡಿದುಕೊಳ್ಳುತ್ತಿತ್ತು.

"ಏನ್ ಮಾಡ್ಲಿ ಸಾರ್," ಎಂದ, ಬಲು ವಿನಯದಿಂದ. "ಗಾಳಿ ಬಿದ್ದೋಯ್ತು."

ಹಾಯಿಯ ಹಗ್ಗ ಸಡಿಲಿಸಿ, ಚುಕ್ಕಾಣಿಯನ್ನು ದಡದ ಕಡೆ ತಿರುಗಿಸಿಬಿಟ್ಟ. ದೋಣಿ ಜಾರಿಕೊಂಡು ಬಂದು, ಪಾಚಿಗಟ್ಟಿದ ಕಲ್ಲಿನ ಪಕ್ಕ ಕೆಸರಿನಲ್ಲಿ ಮೆತ್ತಗೆ ಕೂತಿತು.

ಸೊಸೆ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಂಗಾಲಿಗೆ ತಣ್ಣನೆಯ ಲೋಳೆ. ಬಳೆ ತುಕ್ಕು ಹಿಡಿದು ದಪ್ಪಗಾಗಿತ್ತು. ಹಗ್ಗ ತೂರಿಸಿ ಎಳೆದು ಗಂಟು ಹಾಕಿದಳು. ಅತ್ತೆಯನ್ನು ಚುಕ್ಕಾಣಿಯವನೇ ತೋಳು ಹಿಡಿದು ಇಳಿಸಿದ. ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ, ಸ್ವಂತ ಜಗಲಿಯ ಮೇಲೆ ಕೂತಂತೆ ಕೂತಳು.

ಗೋಡೆಯ ಮೇಲೆ ಕಾವಲುಗಾರನ ತಲೆ ಮೂಡಿತು. "ಏಯ್! ಏಳ್ರೀ ಅಲ್ಲಿಂದ!"

"ನೀನೇ ಇಳಿದು ಬಂದು ಎಬ್ಬಿಸಪ್ಪ," ಎಂದಳು ಅತ್ತೆ.

ಅವನು ಅತ್ತ ನೋಡಿದ, ಇತ್ತ ನೋಡಿದ. ಗೋಡೆಗೆ ಬಾಗಿಲಿರಲಿಲ್ಲ. ಓಣಿಯವರು ಹತ್ತಿ ಬರದಿರಲೆಂದು ಎತ್ತರವಾಗಿ, ನುಣ್ಣಗೆ ಕಟ್ಟಿಸಿದ ಗೋಡೆ. ಕೆಳಗೆ ಸೊಂಟ ಮುಳುಗುವ ಕೆಸರು. ಪಕ್ಕದಲ್ಲಿ ಮ್ಯಾನೇಜರನ ತಲೆಯೂ ಮೂಡಿತು, ಅದರ ಹಿಂದೆ ಲೋಟ ಹಿಡಿದ ಅತಿಥಿಗಳದು.

"ದೋಣೀನ ಈಗಿಂದೀಗ್ಲೇ ತೆಗೀರಿ!"

"ನೀರಿಲ್ವಲ್ಲ ಸಾರ್," ಎಂದ ಚುಕ್ಕಾಣಿಯವನು. "ಬಂದ್ಮೇಲೆ ತೆಗೀತೀನಿ."

"ನಿನ್ನ ಕೆಲಸ ಹೋಯ್ತು ಅಂದ್ಕೋ!"

"ಅಂದ್ಕೊಂಡೇ ಬಂದೆ ಸಾರ್." ಅವನು ತಲೆಯ ಟೋಪಿ ತೆಗೆದು ದೋಣಿಯೊಳಗೆ ಎಸೆದು, ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತ.

ಮ್ಯಾನೇಜರ್ ಕೆಂಡವಾದ. "ಫೋಟೋ ತೆಗಿಯೋ ಇವರದ್ದು! ಒಬ್ಬೊಬ್ಬರ ಮುಖಾನೂ ತೆಗಿ! ದೂರು ಕೊಡ್ತೀನಿ ನದಿ ಕಚೇರಿಗೆ!"

ಸೊಸೆಯ ಕಿವಿ ನೆಟ್ಟಗಾಯಿತು. ಮನೆಯಿಂದ ಹೊರಟಾಗಿನಿಂದ ಅವಳನ್ನು ಕೊರೆಯುತ್ತಿದ್ದದ್ದು ಸಾಕ್ಷಿಯ ಚಿಂತೆಯೇ. ಓಣಿಯ ಹೆಂಗಸಿನ ಮಾತನ್ನು ಯಾವ ಮೇಜು ನಂಬುತ್ತದೆ? ಅವಳು ಹಗ್ಗ, ಬಳೆ, ಮೆಟ್ಟಿಲು, ಅತ್ತೆಯ ಪಾದ ಎಲ್ಲ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಂತಳು.

"ಸರಿಯಾಗಿ ತೆಗಿ ಅಣ್ಣ, ಬಾವುಟಾನೂ ಬರ್ಲಿ. ಆಮೇಲೆ ಸಾಹೇಬ್ರೇ, ಆ ದೂರು ಇವತ್ತೇ ಕೊಟ್ಟುಬಿಡಿ. ನಾಳೆಗೆ ಇಡ್ಬೇಡಿ."

ಕಾವಲುಗಾರ ತೆಗೆದೇ ತೆಗೆದ. ಮ್ಯಾನೇಜರ್ ಅಲ್ಲಿಯೇ, ಅವರ ಕಣ್ಣೆದುರೇ, ಕಚೇರಿಗೆ ಕಳಿಸಿಯೂ ಬಿಟ್ಟ. ಕಳಿಸಿದ ಮೇಲೆ ಅತಿಥಿಯೊಬ್ಬ ಅವನ ಕಿವಿಯಲ್ಲಿ ಏನೋ ಉಸುರಿದ. ಮ್ಯಾನೇಜರನ ಮುಖದ ಬಣ್ಣ ಇಳಿಯತೊಡಗಿತು.

ಬಿಸಿಲು ವಾಲಿತು. ನದಿ ಒಂದು ಗಳಿಗೆ ಅನುಮಾನಿಸಿದಂತೆ ನಿಂತು, ಮತ್ತೆ ಒಳಕ್ಕೆ ಹರಿಯತೊಡಗಿತು. ನೀರು ಅತ್ತೆಯ ಹಿಮ್ಮಡಿ ಮುಟ್ಟಿತು. "ಏಳಿ ಅತ್ತೆ, ನೆನೀತೀರ." "ನೆನೀಲಿ ಬಿಡೇ, ಎಷ್ಟು ದಿನ ಆಯ್ತು." ಮೊಣಕಾಲಿಗೆ ಬಂದಾಗಲಷ್ಟೇ ಎದ್ದಳು. ದೋಣಿ ಅಲುಗಾಡಿ, ಕೆಸರಿನಿಂದ ಬೆನ್ನು ಬಿಡಿಸಿಕೊಂಡು ತೇಲಿತು. ಸೊಸೆ ಗಂಟು ಬಿಚ್ಚಿದಳು, ಮೂವರೂ ಹತ್ತಿದರು.

ಎದುರು ದಡದಲ್ಲಿ ಗಿರಣಿಯ ಸೀಟಿ ಕೂಗಿತು.

"ಎಲ್ಲಿಗೆ?" ಚುಕ್ಕಾಣಿಯವನು ಹಾಯಿ ಎಳೆಯುತ್ತ ಕೇಳಿದ.

"ಕತ್ತಲಾಗೋವರೆಗೆ ದೋಣಿ ನಮ್ಮದು ತಾನೆ? ಆ ದಡಕ್ಕೆ ನಡೀರಿ. ಹಿಡಿಸಿದಷ್ಟು ಜನಾನ ಕರ್ಕೊಂಡು ಬರೋಣ."

"ಮೆಟ್ಟಿಲು ಆಗ್ಲೇ ಮುಳುಗಿರುತ್ತಲ್ಲ. ಇಳಿಸೋದೆಲ್ಲಿ?"

ಸೊಸೆ ಮೆತ್ತೆಯ ಮೇಲೆ ಕೂತು ಕೆಸರುಗಾಲನ್ನು ಆರಾಮಾಗಿ ಚಾಚಿದಳು. "ಎಲ್ಲಿ ಹತ್ತಿದ್ವೋ ಅಲ್ಲೇ, ಕ್ಲಬ್ಬಿನ ದೋಣಿಕಟ್ಟೇಲಿ. ಹೆಬ್ಬಾಗಿಲಿಂದ್ಲೇ ಮನೆಗೆ ಹೋಗ್ಲಿ. ಯಾರು ಅಂತ ಕೇಳಿದ್ರೆ ನಮ್ಮ ಅತಿಥಿಗಳು ಅನ್ನೋಣ."

ಅತ್ತೆ ಆಗಲೇ ಮುಂಗಡೆ ಕಂಬ ಹಿಡಿದು ನಿಂತಿದ್ದಳು. ಗಂಡ ದಿನವೂ ಕೂಗುತ್ತಿದ್ದ ಕೂಗನ್ನು, ಒಡೆದ ದನಿಯಲ್ಲಿ, ಹರಿವ ನೀರಿನ ಮೇಲೆ ಎಸೆದಳು:

"ಯಾರ್‍ರೀ ಬರೋರು? ದೋಣಿ ಬಂತು!"