ಮೊಣಕೈ ಕೆಳಗಿನ ಅಂಗೈ

ಟವೆಲು ಜಾರುತ್ತಿದೆ, ಕಟ್ಟಾಯದ ದೊಡ್ಡಯ್ಯನ ಎಡಹೆಗಲ ಟವೆಲು, ಬಿದ್ದೇಬಿಟ್ಟಿತು, ಮುದುಕ ಎತ್ತಿಕೊಳ್ಳಲಿಲ್ಲ, ಹೆಗಲನ್ನು ಕಿವಿಯವರೆಗೂ ಏರಿಸಿ ಕತ್ತು ವಾಲಿಸಿಕೊಂಡು ನಡೆಯುತ್ತಿದ್ದಾನೆ — ಅರೆ, ಇದು ತನ್ನದೇ ನಡಿಗೆಯಲ್ಲವೇ, ಅನಸೂಯಮ್ಮ ಗುರುತು ಹಿಡಿದಳು, ನೋವನ್ನ ಬಾಯಲ್ಲಿ ಹೇಳ್ಬೇಡಿ ಅಮ್ಮ, ನಡೆದು ತೋರ್ಸಿ, ನಾವೂ ಹಂಗೇ ನಡೀತೀವಿ, ಅಂದಿದ್ದಳು ಇಲ್ಲಿ ನೋವಿನವರ ಗುಂಪು ನಡೆಸುವ ಪ್ರತಿಭಾ, ಅನಸೂಯಮ್ಮ ನಾಚುತ್ತಲೇ ತೋರಿಸಿದ್ದಳು, ಈಗ ಕೋಣೆಯ ತುಂಬ ಅವಳ ಹೆಗಲೇ — ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು, ಅರಕಲಗೂಡು, ಹೊಳೆನರಸೀಪುರ, ಹಾಸನ, ಕೊನೆಗೆ ಚನ್ನರಾಯಪಟ್ಟಣದ ತಾಯತ, ಎಕ್ಸ್‌ರೇ, ಸ್ಕ್ಯಾನು, ಏನೂ ಇಲ್ಲಮ್ಮ, ಎಲ್ಲ ನಾರ್ಮಲ್ಲು, ಆ ಏನೂ ಇಲ್ಲದ್ದೇ ಬೆಳಗಿನ ಜಾವ ಅವಳನ್ನು ಎಬ್ಬಿಸಿ ಕೂರಿಸುತ್ತಿತ್ತು, ಎಡ ಮೊಣಕೈಯನ್ನು ಬಲ ಅಂಗೈಯಲ್ಲಿ ಮಗುವಿನಂತೆ ಇಟ್ಟುಕೊಂಡು, ಗೋಡೆಯತ್ತ ತಿರುಗಿ ಮಲಗಿದ ಗಂಡನ ಬೆನ್ನು ನೋಡುತ್ತ — ಹಾಗೆ ಕೂರುವುದೊಂದನ್ನು ಮಾತ್ರ ಇಲ್ಲಿ ತೋರಿಸಲಿಲ್ಲ, ಯಾರಿಗೂ ತೋರಿಸಿಲ್ಲ, ತೋರಿಸಿದರೆ ಅದೂ ನಾಟಕವೇ ಆದೀತು. ಶುಂಠಿ ಕೀಳೋ ಹೊತ್ಗೇ ಸರ್ಯಾಗಿ ಬತ್ತದೆ ಕಣಮ್ಮಿ ನಿನ್ ನೋವು, ಇವತ್ತೇ ಕೊನೆ, ಮುಂದ್ಲ ವಾರ ಬಸ್ ಅತ್ತುದ್ರೆ ನೋಡು, ಬೆಳಿಗ್ಗೆ ಬಸ್ಸಿನ ದಾರಿಯುದ್ದಕ್ಕೂ ಗಂಡ ದೇವರಾಜು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ, ಈಗಲೂ ಬಾಗಿಲಾಚೆ ಮುಖ ಗಂಟಿಕ್ಕಿಕೊಂಡು ಕೂತಿದ್ದಾನೆ, ಕೂತಿರಲಿ — ಅವ್ವಾ, ನಾಕ್ ಎಜ್ಜೆಗೇ ಕತ್ತು ಇಡ್ಕಂಡ್ತಲ್ಲವ್ವ, ಇದ್ನ ಒತ್ಕಂಡು ಎಂಗವ್ವ ಬಾಳಾಟ ಮಾಡ್ತಿದ್ದೀಯೆ, ದೊಡ್ಡಯ್ಯ ಕೇಳುತ್ತಿದ್ದಾನೆ, ಕಾರಣವಿಲ್ಲದೆ ನಡುಗುವ ಅವನ ಕಾಲಿಗೇ ದಿಕ್ಕಿಲ್ಲ, ಅಂಥವನು, ಅಯ್ಯೋ ನನ್ನಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ, ನೋವು ಎಲ್ಲೂ ಹೋಗಿಲ್ಲ, ಇದೆ, ಆದರೆ ಹತ್ತು ಜನರ ಕಡ್ಡಿ ಒಬ್ಬನ ಹೊರೆ ಅಂತಾರಲ್ಲ, ಇಲ್ಲಿ ಒಬ್ಬಳ ಹೊರೆಯನ್ನು ಇವರೆಲ್ಲ ಕಡ್ಡಿ ಕಡ್ಡಿಯಾಗಿ ಹಂಚಿಕೊಂಡಿದ್ದಾರೆ, ಈ ಋಣ ಯಾವ ಜನ್ಮಕ್ಕೆ ತೀರೀತು, ಕಣ್ಣು ತುಂಬಿ ಕೋಣೆಯೆಲ್ಲ ಮಂಜು —

ಬನ್ನಿ ಸಾ, ನೀವೂ ಬನ್ನಿ, ಪ್ರತಿಭಾ ಯಾರನ್ನೋ ಕರೆಯುತ್ತಿದ್ದಾಳೆ, ನಮ್ಗೆಲ್ಲ ಬರಾಕಿಲ್ಲ ಬುಡಿ ತಾಯಿ, ಅದು ಗಂಡನದೇ ದನಿ, ಆದರೂ ಚಪ್ಪಲಿ ಕಳಚಿದ ಸದ್ದು, ದೊಡ್ಡಯ್ಯನ ಹಿಂದೆ ದೇವರಾಜು, ಅಣಕಿಸುತ್ತಾನೆ, ಈಗ ಎಲ್ಲರ ಮುಂದೆ ಅಣಕಿಸಿ ಮಾನ ಕಳೆಯುತ್ತಾನೆ — ಅಣಕಿಸುತ್ತಿಲ್ಲ, ಹೆಗಲೇರಿಸಿದ, ಕತ್ತು ವಾಲಿಸಿದ, ನಾಲ್ಕು ಹೆಜ್ಜೆಗೆ ನಿಂತ, ನಿಂತವನು ತಲೆ ತಗ್ಗಿಸಿ, ಅವಳು ಇಲ್ಲಿ ತೋರಿಸಿಯೇ ಇರದ, ಗೋಡೆಯತ್ತ ತಿರುಗಿ ಮಲಗಿದವನಿಗೆ ಕಂಡಿರಲಾರದ ಅದನ್ನೇ — ಎಡ ಮೊಣಕೈ, ಮೆಲ್ಲಗೆ, ಅದರ ಕೆಳಗೆ ಬಲ ಅಂಗೈ — ನಿದ್ದೆ ಮಾಡುತ್ತಿರಲಿಲ್ಲವೇ ಇವನು, ಬೆಳಗಿನ ಜಾವ ತನ್ನನ್ನು ನೋಡುತ್ತಿದ್ದನೇ — ಎಡ ಮೊಣಕೈ, ಅದರ ಕೆಳಗೆ ಅವನ ಅಂಗೈ —